ಮೂಳೆಯಲ್ಲಿ ಉಳಿದ ಊರು

ಕರಪತ್ರದಲ್ಲಿ ‘ಬಸಿರು ಮತ್ತು ದಿನಬಳಕೆಯ ರಾಸಾಯನಿಕಗಳು’ ಅಂತ ಅಚ್ಚಾಗಿದೆ. ಅಷ್ಟನ್ನೂ ಹೇಳಹೊರಟರೆ ಹಿಂದಿನ ಸಾಲಿನವರು ಕಾಫಿಗೆ ಎದ್ದು ಹೋಗುತ್ತಾರೆ. ಒಂದನ್ನೇ ಹಿಡಿಯುತ್ತೇನೆ: ಸೀಸ.

1990ರ ದಶಕದಲ್ಲಿ ಬ್ರಯಾನ್ ಗಲ್ಸನ್ ಎಂಬ ವಿಜ್ಞಾನಿ, ಪೂರ್ವ ಯುರೋಪಿನಿಂದ ಆಸ್ಟ್ರೇಲಿಯಾಕ್ಕೆ ವಲಸೆ ಬಂದ ಹೆಂಗಸರ ರಕ್ತವನ್ನು ಬಸಿರಿನುದ್ದಕ್ಕೂ ಪರೀಕ್ಷಿಸುತ್ತ ಹೋದರು. ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಗಣಿಯ ಸೀಸ ಬಲು ಪುರಾತನದ್ದು. ಅದರ ಐಸೊಟೋಪುಗಳ, ಅಂದರೆ ಬೇರೆ ಬೇರೆ ತೂಕದ ಸೀಸದ ಪರಮಾಣುಗಳ, ಪಾಲೇ ಬೇರೆ. ಹಾಗಾಗಿ ರಕ್ತದಲ್ಲಿರುವುದು ಈಗಿನ ಊರಿನ ಸೀಸವೋ ಬಿಟ್ಟುಬಂದ ಊರಿನದೋ ಎಂದು ಗುರುತು ಹಿಡಿಯಬಹುದಿತ್ತು. ತಿಂಗಳು ತುಂಬುತ್ತ ಬಂದಂತೆ ರಕ್ತದಲ್ಲಿ ಹಳೆಯ ಊರಿನ ಸೀಸ ಹೆಚ್ಚಾಯಿತು. ಎಲ್ಲಿಂದ ಬಂತು? ಅವರ ಮೂಳೆಗಳಿಂದ.

ಸೀಸವನ್ನು ನಮ್ಮ ದೇಹ ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಗೆ ಸೇರಿಸಿಕೊಳ್ಳುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದ ಶೇ 90ಕ್ಕೂ ಹೆಚ್ಚು ಪಾಲು ಅಲ್ಲೇ, ದಶಕಗಟ್ಟಲೆ ಕೂತಿರುತ್ತದೆ. ಮಗುವಿನ ಎಲುಬು ಕಟ್ಟಲು ತಾಯಿಯ ಮೂಳೆ ಕ್ಯಾಲ್ಸಿಯಂ ಬಿಟ್ಟುಕೊಟ್ಟಾಗ ಸೀಸವೂ ಜೊತೆಗೆ ಹೊರಡುತ್ತದೆ. ಮಾಸು ಅದನ್ನು ತಡೆಯುವುದಿಲ್ಲ. ಮಗುವಿನ ತೂಕ ಕಡಿಮೆಯಾಗಬಹುದು, ಮಿದುಳಿನ ಬೆಳವಣಿಗೆಗೂ ಪೆಟ್ಟು.

ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು ನಿಂತದ್ದು 2000ದಲ್ಲಿ. ಅದಕ್ಕೂ ಮುಂಚೆ ಬೆಂಗಳೂರಿನ ಆಟೋ ಹೊಗೆ ಕುಡಿಯುತ್ತ ಶಾಲೆಗೆ ಹೋದ ಹುಡುಗಿಯರಲ್ಲಿ ಎಷ್ಟೋ ಮಂದಿ ಈಗ ಮೂವತ್ತು ದಾಟಿ ಬಸುರಾಗುತ್ತಿದ್ದಾರೆ. ‘ಅದು ತಿನ್ನಬೇಡ, ಇದು ಮುಟ್ಟಬೇಡ’ ಎಂದು ಬಸುರಿಯನ್ನೇ ಗದರುವವರಿಗೆ ಈ ಲೆಕ್ಕ ಒಪ್ಪಿಸಬೇಕು ಅನ್ನಿಸುತ್ತದೆ ನನಗೆ.

ಮೆಕ್ಸಿಕೊ ನಗರದಲ್ಲಿ ಬಸುರಿಯರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದರು. ಕೊಡದವರಿಗೆ ಹೋಲಿಸಿದರೆ ರಕ್ತದ ಸೀಸ ಸರಾಸರಿ ಶೇ 11ರಷ್ಟು ತಗ್ಗಿತ್ತು. ಡಾಕ್ಟರು ಬರೆದುಕೊಟ್ಟ ಆ ದಪ್ಪ ಮಾತ್ರೆಯನ್ನು ದಿಂಬಿನಡಿ ಬಚ್ಚಿಡುವವರು ಇಲ್ಲಿದ್ದರೆ ಕೇಳಿಸಿಕೊಳ್ಳಿ.

ಇನ್ನು ತವರುಮನೆಯ ವಿಚಾರ. ಚೊಚ್ಚಲ ಹೆರಿಗೆಗೆ ಮಗಳು ಬರುತ್ತಾಳೆಂದು ಸಂಭ್ರಮದಿಂದ ಮನೆಗೆ ಬಣ್ಣ ಹೊಡೆಸುತ್ತೇವೆ. ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಬಾಗಿಲು ಕಿಟಕಿಗಳ ಎನಾಮಲ್ ಅದಕ್ಕಿಂತ ಹಳೆಯದು. ಉಪ್ಪುಕಾಗದ ಹಾಕಿ ಅದನ್ನು ಉಜ್ಜಿದಾಗ ಏಳುವ ಧೂಳು ಬಾಣಂತಿ ಕೋಣೆಯ ಹಾಸಿಗೆಯ ಮೇಲೇ ಕೂರುತ್ತದೆ. ಉಜ್ಜಲೇಬೇಕೆಂದರೆ ನೀರು ಹಾಕಿ ಉಜ್ಜಿಸಿ, ಒದ್ದೆ ಬಟ್ಟೆಯಲ್ಲಿ ಎರಡೆರಡು ಸಲ ಒರೆಸಿ. ಅಲ್ಲಿಯವರೆಗೆ ಮಗಳು ಅತ್ತೆಮನೆಯಲ್ಲೇ ಇರಲಿ. ಬೀಗರಿಗೆ ಏನು ಹೇಳೋದು ಅಂತೀರಾ? ಬಣ್ಣ ಇನ್ನೂ ಒಣಗಿಲ್ಲ ಅನ್ನಿ.