ಬೆಲ್ಟು ಒಪ್ಪಿಸಿದ ಮೇಲೆ

(ಮಣಿನಗರದಲ್ಲಿ ನಡೆದ ಸಂಘದ ಹಿರಿಯರ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾರ್ಯದರ್ಶಿಗಳು ನನ್ನನ್ನು ‘ನಿವೃತ್ತ ಪೊಲೀಸ್ ಅಧಿಕಾರಿಗಳು’ ಎಂದು ಪರಿಚಯಿಸಿದರು. ಅಧಿಕಾರಿ ಎಂಬ ಮಾತು ನನ್ನ ಅಳತೆಗೆ ತುಸು ದೊಡ್ಡದಾಯಿತು. 1977ರಲ್ಲಿ ಧಾರವಾಡ ಜಿಲ್ಲೆಯಲ್ಲಿ ಕಾನ್ಸ್‌ಟೇಬಲ್ ಆಗಿ ಸೇರಿದವನು ನಾನು. ದಫೇದಾರನಾದೆ, ಎ.ಎಸ್.ಐ. ಆದೆ, ಸೇವೆಯ ಕೊನೆಯ ನಾಲ್ಕು ವರ್ಷ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ನಮ್ಮ ಕಡೆಯ ಹಳಬರು ಆ ಹುದ್ದೆಯವನನ್ನು ‘ಫೌಜದಾರ’ ಎನ್ನುತ್ತಾರೆ. ಮಣಿನಗರಕ್ಕೆ ಬಂದ ಹೊಸದರಲ್ಲಿ ಹಾಲಿನ ಅಂಗಡಿಯ ಮುಂದೆ ಮುದುಕರೊಬ್ಬರು ಯಾರದೋ ವಿಷಯ ಹೇಳುತ್ತ ‘ಫೋಜದಾರ್’ ಎಂದರು. ನಾನು ಥಟ್ಟನೆ ತಿರುಗಿ ನಿಂತೆ. ಅವರು ನನ್ನನ್ನು ಕರೆದಿರಲಿಲ್ಲ. ಈ ಊರಿನಲ್ಲಿ ನಾನು ಯಾರೆಂದು ಬಲ್ಲವರು ಅಂದು ಮಗ ಸೊಸೆ ಇಬ್ಬರೇ.

ಆ ಮಾತು ಎರಡೂ ಕಡೆ ಉಳಿದಿರುವುದು ಆಕಸ್ಮಿಕವಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡವೂ ಅಹಮದಾಬಾದೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಎರಡೂ ಊರುಗಳ ಪೊಲೀಸರಿಗೆ 1951ರ ಮುಂಬಯಿ ಪೊಲೀಸ್ ಕಾಯಿದೆ ಒಂದೇ. ಅದೇ ಕಾಯಿದೆ ಇಂದು ಇಲ್ಲಿ ಗುಜರಾತ್ ಪೊಲೀಸ್ ಕಾಯಿದೆ ಎಂಬ ಹೆಸರಿನಿಂದ ನಡೆಯುತ್ತಿದೆ. ಅದರ 28ನೆಯ ಕಲಮು, ಪೊಲೀಸನು ಸದಾಕಾಲವೂ ಕರ್ತವ್ಯದ ಮೇಲಿರುವವನೆಂದು ಭಾವಿಸತಕ್ಕದ್ದು ಎನ್ನುತ್ತದೆ. ಬ್ರಿಟಿಷರು 1861ರಲ್ಲಿ ಮಾಡಿದ ಕಾಯಿದೆಯ 22ನೆಯ ಕಲಮಿನ ಧ್ವನಿಯೂ ಇದೇ. ಎರಡೇ ಕಲಮು ಮುಂದೆ ಹೋದರೆ 30ನೆಯದು ಸಿಗುತ್ತದೆ. ಯಾವ ಕಾರಣದಿಂದಲೇ ಆಗಲಿ ಪೊಲೀಸನಾಗಿ ಉಳಿಯದವನು ತನ್ನ ನೇಮಕ ಪತ್ರ, ಆಯುಧ, ಉಡುಪು, ಸಲಕರಣೆ ಎಲ್ಲವನ್ನೂ ಕೂಡಲೇ ಹಿಂದಿರುಗಿಸಬೇಕು. ಕೊಡದಿದ್ದರೆ ಶೋಧನಾ ವಾರಂಟು ಹೊರಡಿಸಿ ವಶಪಡಿಸಿಕೊಳ್ಳಬಹುದು. ಕರ್ನಾಟಕದ 1963ರ ಕಾಯಿದೆಯ ಧಾಟಿಯೂ ಬೇರೆಯಲ್ಲ. ಸದಾಕಾಲ ಕರ್ತವ್ಯದ ಮೇಲಿದ್ದವನು ಒಂದು ದಿನ ‘ಕೂಡಲೇ’ ಬೇರೊಬ್ಬನಾಗುವುದು ಹೇಗೆ ಎಂಬುದಕ್ಕೆ ಮಾತ್ರ ಯಾವ ಕಾಯಿದೆಯಲ್ಲೂ ಕಲಮಿಲ್ಲ. ಇಂದು ಅದನ್ನು ಕುರಿತೇ ನಾಲ್ಕು ಮಾತು.

ನಾನು ನಿವೃತ್ತನಾದದ್ದು 2015ರ ಮೇ 31ರಂದು. ನನ್ನ ದಾಖಲೆಯ ಜನ್ಮದಿನಾಂಕ ಜೂನ್ 1. ನಮ್ಮ ತಲೆಮಾರಿನ ಅರ್ಧ ಕರ್ನಾಟಕವೇ ಜೂನ್ 1ರಂದು ಹುಟ್ಟಿದೆ. ಶಾಲೆಗೆ ಸೇರಿಸಿಕೊಂಡ ಮಾಸ್ತರರ ಕೃಪೆ! 2008ರಲ್ಲಿ ಸರ್ಕಾರ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸದೆ ಇದ್ದಿದ್ದರೆ ಇನ್ನೂ ಎರಡು ವರ್ಷ ಮೊದಲೇ ಮನೆ ಸೇರುತ್ತಿದ್ದೆ. ಅಂದು ಭಾನುವಾರ. ಪೊಲೀಸರಿಗೆ ಭಾನುವಾರವಿಲ್ಲವಾದ್ದರಿಂದ ಬೀಳ್ಕೊಡುಗೆ ಅಂದೇ ನಡೆಯಿತು. ಶಾಲು, ಹಾರ, ಫಲತಾಂಬೂಲ, ಎಲ್ಲರೂ ಸಾಲಾಗಿ ನಿಂತ ಒಂದು ಛಾಯಾಚಿತ್ರ. ಭಾಷಣಗಳಲ್ಲಿ ನಾನು ಮಾಡದ ಒಳ್ಳೆಯ ಕೆಲಸಗಳೂ ಬಂದವು. ಇದೆಲ್ಲ ಮುಗಿದ ಮೇಲೆ ಠಾಣೆಯ ರೈಟರ್, ನನ್ನ ಮಗನ ವಯಸ್ಸಿನವನು, ಸಂಕೋಚದಿಂದ ಬಳಿ ಬಂದು “ಸರ, ಬೆಲ್ಟ್ ಒಂದು ಉಳದೈತ್ರಿ” ಎಂದ. ಪಟ್ಟಿಯಲ್ಲಿ ಇದ್ದುದನ್ನೆಲ್ಲ ಹಿಂದಿನ ದಿನವೇ ಒಪ್ಪಿಸಿದ್ದೆ. ಸೊಂಟದ ಮೇಲಿದ್ದುದನ್ನು ಮರೆತಿದ್ದೆನೋ, ಮರೆತಂತೆ ಇದ್ದೆನೋ, ಈಗ ಹೇಳಲಾರೆ. ಅಲ್ಲಿಯೇ ಬಿಚ್ಚಿ ಕೊಟ್ಟೆ. ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಜೀಪು ಹತ್ತಿದೆ. ಹಾರ ಕೊರಳಲ್ಲಿಯೇ ಇತ್ತು.

ಮೊದಲ ವರ್ಷ ಊರಿನಲ್ಲಿಯೇ ಇದ್ದೆ. ವಸತಿಗೃಹ ಬಿಟ್ಟುಕೊಟ್ಟು ಬಾಡಿಗೆ ಮನೆ ಹಿಡಿದಿದ್ದೆವು. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಅದು ರೌಂಡಿನ ಹೊತ್ತು. ಎದ್ದು ಅಂಗಳಕ್ಕೆ ಬಂದು ಬೀದಿಯ ಎರಡೂ ತುದಿ ನೋಡಿ ಮರಳಿ ಮಲಗುತ್ತಿದ್ದೆ. ನಮ್ಮ ಮನೆಯಾಕೆ ಒಂದು ದಿನ, “ಏನ್ರೀ, ಯಾರನ್ನ ಹಿಡೀಲಿಕ್ಕೆ ಹೊಂಟೀರಿ?” ಎಂದು ನಕ್ಕಳು. ಮೂವತ್ತೆಂಟು ವರ್ಷ ಗಣಪತಿ, ದಸರೆ, ಉಗಾದಿಗಳನ್ನು ನನ್ನನ್ನು ಬಿಟ್ಟು ಮಾಡಿದ್ದವಳು ಅವಳು. ಹಬ್ಬವೆಂದರೆ ನಮಗೆ ಬಂದೋಬಸ್ತಿನ ದಿನ. ಇನ್ನು ಮೇಲೆ ಜೊತೆಯಾಗಿ ಹಬ್ಬ ಮಾಡೋಣ ಎಂದುಕೊಂಡಿದ್ದೆವು. ಎರಡು ಉಗಾದಿ ಆದವು. 2017ರ ಮಳೆಗಾಲದಲ್ಲಿ ಅವಳು ಹೋದಳು. ಮಗ ವಟವಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ನನ್ನನ್ನು ಇಲ್ಲಿಗೆ ಕರೆತಂದ.

ಇಲ್ಲಿ ಬಂದ ಮೇಲೆ ನನಗೆ ಇನ್ನೊಂದು ವಿಷಯ ತಿಳಿಯಿತು. ಮೊಮ್ಮಗ ಟ್ಯೂಷನ್ನಿನಿಂದ ಹತ್ತು ನಿಮಿಷ ತಡವಾಗಿ ಬಂದರೆ ನಾನು ಕೇಳುತ್ತಿದ್ದ ಪ್ರಶ್ನೆಗಳ ಕ್ರಮವೇ ಬೇರೆ: ಎಲ್ಲಿದ್ದೆ, ಯಾರ ಜೊತೆ, ಅವನ ಮನೆ ಎಲ್ಲಿ, ಮೊದಲು ಹೇಳಿದ್ದಕ್ಕೂ ಈಗ ಹೇಳಿದ್ದಕ್ಕೂ ಏಕೆ ತಾಳೆಯಾಗುವುದಿಲ್ಲ. ಒಂದು ಸಂಜೆ ಮಗ ಕೋಣೆಯಿಂದ ಹೊರಗೆ ಬಂದು, “ಅಪ್ಪಾ, ಇದು ಮನಿ ಐತಿ, ಠಾಣೆ ಅಲ್ಲ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇಂಥದೇ ಪ್ರಶ್ನೆಗಳಿಗೆ ತಾನೂ ಚಿಕ್ಕವನಿದ್ದಾಗ ಗೋಡೆಗೆ ಬೆನ್ನು ಕೊಟ್ಟು ಉತ್ತರ ಹೇಳಿದ್ದು ಅವನಿಗೆ ನೆನಪಾಗಿರಬೇಕು.

2019ರ ಡಿಸೆಂಬರಿನಲ್ಲಿ ಎಲ್ಲರೂ ಕಾಂಕರಿಯಾ ಕಾರ್ನಿವಲ್ಲಿಗೆ ಹೋಗಿದ್ದೆವು. 2008ರಲ್ಲಿ ಆರಂಭವಾದ ಆ ಉತ್ಸವದ ಜನಸಂದಣಿ ತಮಗೆ ತಿಳಿದದ್ದೇ. ಕೆರೆಯ ಒಂದು ದ್ವಾರದಲ್ಲಿ ನೂಕುನುಗ್ಗಲಾಯಿತು. ನನ್ನ ಬಲಗೈ ತಾನಾಗಿಯೇ ಇಲ್ಲದ ಲಾಠಿಯನ್ನು ಹುಡುಕಿತು. ಬಾಯಿ ಅಚ್ಚ ಧಾರವಾಡ ಕನ್ನಡದಲ್ಲಿ “ಸರೀರಿ, ಹಿಂದ ಸರೀರಿ!” ಎಂದು ಕೂಗಿತು. ಯಾರೂ ಸರಿಯಲಿಲ್ಲ. ಎಳೆಯ ಕಾನ್ಸ್‌ಟೇಬಲ್ ಒಬ್ಬ ನನ್ನ ಭುಜ ಹಿಡಿದು, “ಕಾಕಾ, ಬಾಜುಮಾ ಆವೋ” ಎಂದು ಮೆಲ್ಲನೆ ಪಕ್ಕಕ್ಕೆ ಸರಿಸಿದ. ಒಳ್ಳೆಯ ಹುಡುಗ, ನಾನಿದ್ದಿದ್ದರೂ ಹಾಗೆಯೇ ಮಾಡುತ್ತಿದ್ದೆ, ಬಹುಶಃ ಅಷ್ಟು ಮೆಲ್ಲನೆ ಅಲ್ಲ. ಕಾಕಾ ಎಂಬ ಮಾತು ನಮ್ಮಲ್ಲಿಯೂ ಇದೆ. ಆದರೆ ಫೌಜದಾರನನ್ನು ಹಾಗೆ ಕರೆದವರು ಅದುವರೆಗೆ ಯಾರೂ ಇರಲಿಲ್ಲ. ನಾನು ಕಾಕಾ ಆದದ್ದು ಆ ದಿನ.

ನಿವೃತ್ತಿಯ ವಯಸ್ಸಿಗೆ ಕಾಯದೆ ಹೊರಟವರೂ ಇದ್ದಾರೆ. ಉಡುಪಿಯ ಕಡೆಯವರು, ‘ಮುಂಗಾರು’ ಪತ್ರಿಕೆಯ ವಡ್ಡರ್ಸೆ ರಘುರಾಮ ಶೆಟ್ಟರ ಮಗ ಮಧುಕರ ಶೆಟ್ಟರು 2018ರ ಡಿಸೆಂಬರ್ 28ರಂದು ಹೈದರಾಬಾದಿನಲ್ಲಿ ತೀರಿಕೊಂಡರು, ವಯಸ್ಸು 47. ಅವರ ಪ್ರಾಮಾಣಿಕತೆಯ ಮಾತು ನಮ್ಮಂಥ ಕೆಳದರ್ಜೆಯವರ ಬ್ಯಾರಕ್ಕುಗಳಿಗೂ ತಲುಪಿತ್ತು. ಐದು ತಿಂಗಳ ನಂತರ, 2019ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ ಡಿ.ಸಿ.ಪಿ. ಆಗಿದ್ದ ಅಣ್ಣಾಮಲೈ ರಾಜೀನಾಮೆ ಕೊಟ್ಟಾಗ, ಆ ಸಾವು ತಮ್ಮ ಬದುಕನ್ನು ಮತ್ತೆ ನೋಡಿಕೊಳ್ಳುವಂತೆ ಮಾಡಿತೆಂದು ಬರೆದರು. ಅವರು ಮುಂದೆ ರಾಜಕೀಯಕ್ಕೆ ಹೋದರು. ಅದು ಇಂದಿನ ವಿಷಯವಲ್ಲ. ಕಿರಿಯ ವಯಸ್ಸಿನವರಿಗೆ ಬಿಟ್ಟು ಹೋಗಲು ಇನ್ನೊಂದು ಬದುಕು ಇರುತ್ತದೆ. ಮೂವತ್ತು ವರ್ಷ ಕಳೆದವನಿಗೆ ಬಿಡುವ ಮಾತು ಬಾಯಿಗೆ ಬರಬೇಕಾದರೆ ಒಳಗೆ ಬೇರೇನೋ ಮುರಿದಿರಬೇಕು.

ಅಂಥದೊಂದು ನಮ್ಮ ಭಾಗದಲ್ಲಿಯೇ ನಡೆಯಿತು. 2025ರ ಏಪ್ರಿಲ್ 28ರಂದು ಬೆಳಗಾವಿಯಲ್ಲಿ ಆಡಳಿತ ಪಕ್ಷದ ಪ್ರತಿಭಟನಾ ಸಭೆ. ಬಂದೋಬಸ್ತಿಗೆ ಬಂದಿದ್ದವರಲ್ಲಿ ಧಾರವಾಡದ ಹೆಚ್ಚುವರಿ ವರಿಷ್ಠಾಧಿಕಾರಿ ನಾರಾಯಣ ಭರಮನಿ ಒಬ್ಬರು. ಸಭೆಯಲ್ಲಿ ವಿರೋಧಿಗಳು ಕಪ್ಪು ಬಟ್ಟೆ ತೋರಿಸಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಿಟ್ಟಾಗಿ, ವೇದಿಕೆಯ ಮೇಲೆಯೇ ಭರಮನಿಯವರತ್ತ ಕೈ ಎತ್ತಿದರು. ಪೆಟ್ಟು ಬೀಳಲಿಲ್ಲ. ಆದರೆ ಆ ಎತ್ತಿದ ಕೈಯನ್ನು ನಾಡೆಲ್ಲ ನೋಡಿತು. ಜೂನ್ ತಿಂಗಳಲ್ಲಿ ಅವರು ಸ್ವಯಂ ನಿವೃತ್ತಿ ಕೋರಿ ಪತ್ರ ಬರೆದರು. ಮೂರು ದಶಕದ ಸೇವೆ, ಸಮವಸ್ತ್ರದೊಂದಿಗೆ ತಮಗಿರುವ ತಾಯಿಯ ನಂಟಿನಂಥ ನಂಟು, ಅಂದು ಮನೆಯಲ್ಲಿ ಕವಿದ ಮೌನ, ಹೆಂಡತಿ ಮಕ್ಕಳ ಅಳು ಇವೆಲ್ಲ ಆ ಪತ್ರದಲ್ಲಿದ್ದುವು. ಜುಲೈಯಲ್ಲಿ ಅದು ಬಹಿರಂಗವಾಯಿತು, ಸರ್ಕಾರದವರು ಮನವೊಲಿಸಿದರು, ಅವರು ಕರ್ತವ್ಯಕ್ಕೆ ಮರಳಿದರು. ಪಕ್ಷದವರು ಪಕ್ಷದಂತೆ ಮಾತನಾಡಿದರು. ನನಗೆ ಕಂಡದ್ದು ಬೇರೆ. ಒಬ್ಬ ಹಿರಿಯ ಅಧಿಕಾರಿ ಸರ್ಕಾರಿ ಕಾಗದದ ಮೇಲೆ ತನ್ನ ಮನೆಯ ಅಳುವನ್ನು ಬರೆದದ್ದು. ನಮ್ಮ ಇಲಾಖೆಯಲ್ಲಿ ಹಾಗೆ ಬರೆಯುವ ರೂಢಿಯಿಲ್ಲ. ನಾವು ‘ವೈಯಕ್ತಿಕ ಕಾರಣಗಳಿಂದ’ ಎಂದು ಬರೆದು ಸಹಿ ಹಾಕುತ್ತೇವೆ.

ಆ ದೃಶ್ಯವನ್ನು ಮೊಮ್ಮಗನ ಫೋನಿನಲ್ಲಿ ನೋಡಿದೆ. ಮೊದಲ ಸಲ ನೋಡಿದಾಗ ನನ್ನ ಕಣ್ಣು ಭರಮನಿಯವರ ಮುಖದ ಮೇಲಿತ್ತು; ಅವಮಾನ ನನಗೇ ಆದಂತೆ ಉರಿಯಿತು. ಎರಡನೆಯ ಸಲ ಕಣ್ಣು ಆ ಕೈಯ ಮೇಲೆ ಹೋಯಿತು. ಅಂದು ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ನಾನು ನೋಡಿದ್ದು ಬೀದಿಯನ್ನಲ್ಲ, ನನ್ನ ಬಲಗೈಯನ್ನು.

ಇದನ್ನು ಇದುವರೆಗೆ ಯಾರ ಮುಂದೆಯೂ ಹೇಳಿಲ್ಲ. ತೊಂಬತ್ತರ ದಶಕದ ಮಾತು. ಊರಿನ ಹೆಸರು ಬೇಡ. ಅಂಗಡಿಯೊಂದರ ಗಲ್ಲೆಯಿಂದ ಹಣ ಹೋಗಿತ್ತು. ಎದುರಿನ ಹೋಟೆಲಿನಲ್ಲಿ ಲೋಟ ತೊಳೆಯುವ, ಹದಿನೈದು ಹದಿನಾರರ ಹುಡುಗನ ಮೇಲೆ ಅನುಮಾನ. ಕರೆತಂದವನು ನಾನು. ಕೇಳಿದವನೂ ನಾನು. ಮೇಲಿನವರು ‘ಸ್ವಲ್ಪ ನೋಡು’ ಎಂದಿದ್ದರು; ನಮ್ಮ ಭಾಷೆಯಲ್ಲಿ ಆ ಮಾತಿಗೆ ಒಂದೇ ಅರ್ಥ. ಎಡಗಿವಿಯ ಮೇಲೆ ಹೊಡೆದೆ. ಮೂರು ದಿನದ ಮೇಲೆ ಹಣ ಅಂಗಡಿಯವರ ಸ್ವಂತ ನೆಂಟನ ಬಳಿ ಸಿಕ್ಕಿತು. ಹುಡುಗನನ್ನು ಬಿಟ್ಟರು. ಠಾಣಾ ದಿನಚರಿಯಲ್ಲಿ ಅವನ ಹೆಸರಿನ ಒಂದಕ್ಷರವೂ ಇಲ್ಲ.

ಸೇವೆಯಲ್ಲಿರುವವರೆಗೆ ಅದು ನನ್ನನ್ನು ಕಾಡಲಿಲ್ಲವೆಂದರೆ ತಾವು ನನ್ನನ್ನು ಕಲ್ಲೆದೆಯವನೆನ್ನಬಹುದು. ಆದರೆ ಅದು ನಿಜ. ಖಾಕಿ ತೊಟ್ಟಾಗ ಅದು ಇಲಾಖೆ ಹೊಡೆದ ಪೆಟ್ಟು. ನಾನು ಪಡೆದ ಸೆಲ್ಯೂಟು ಹೇಗೆ ನನ್ನದಲ್ಲವೋ, ನಾನು ಕೊಟ್ಟ ಪೆಟ್ಟೂ ಹಾಗೆಯೇ ನನ್ನದಲ್ಲ ಎಂದು ನಂಬಿದ್ದೆ. 2010ರ ಸುಮಾರಿಗೆ ಅದೇ ಊರಿನ ಜಾತ್ರೆಯ ಬಂದೋಬಸ್ತಿಗೆ ಹೋಗಿದ್ದಾಗ ಚಹದ ಅಂಗಡಿಯೊಂದರಲ್ಲಿ ಕುಳಿತೆ. ಅಂಗಡಿಯವನು ನಾನು ಹೇಳಿದ್ದು ಕೇಳಿಸದೆ ತಲೆ ತಿರುಗಿಸಿ ಬಲಗಿವಿಯನ್ನು ನನ್ನ ಕಡೆಗೆ ಕೊಟ್ಟ. ಆಗ ಗುರುತು ಹತ್ತಿತು. ಅವನಿಗೆ ನನ್ನ ಗುರುತು ಹತ್ತಿತೋ ಇಲ್ಲವೋ ಹೇಳಲಾರೆ. “ಸಾಹೇಬ್ರ ಕಡೆ ರೊಕ್ಕ ತಗೊಳ್ಳಂಗಿಲ್ಲ” ಎಂದ. ನಾನು ಚಹ ಕುಡಿದು ಎದ್ದೆ. ರೊಕ್ಕ ಕೊಡಲಿಲ್ಲ.

ಬೆಲ್ಟು, ಟೊಪ್ಪಿಗೆ, ಬಿಲ್ಲೆ ಇವನ್ನೆಲ್ಲ ಇಲಾಖೆ ಲೆಕ್ಕ ಮಾಡಿ ತೆಗೆದುಕೊಂಡಿತು. ಈ ಪೆಟ್ಟನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅದನ್ನು ನಾನು ಇಲ್ಲಿಗೆ ಹೊತ್ತು ತಂದಿದ್ದೇನೆ. ನಿವೃತ್ತ ಪೊಲೀಸರ ದುಃಖವೆಂದರೆ ಅಧಿಕಾರ ಹೋದ ದುಃಖ ಎಂದು ಜನ ತಿಳಿದಿದ್ದಾರೆ. ಅದೂ ಉಂಟು, ಅಲ್ಲಗಳೆಯುವುದಿಲ್ಲ. ಆದರೆ ಸೆಲ್ಯೂಟು ನಿಂತದ್ದಕ್ಕೆ ಒಂದೆರಡು ವರ್ಷದಲ್ಲಿ ಮನಸ್ಸು ಒಗ್ಗುತ್ತದೆ. ಅದುವರೆಗೆ ಇಲಾಖೆಯ ಹೆಸರಿನಲ್ಲಿದ್ದ ಲೆಕ್ಕವೆಲ್ಲ ಒಬ್ಬ ಮುದುಕನ ಹೆಸರಿಗೆ ವರ್ಗವಾಗುತ್ತದಲ್ಲ, ಅದಕ್ಕೆ ನನ್ನ ಮನಸ್ಸು ಹತ್ತು ವರ್ಷವಾದರೂ ಒಗ್ಗಿಲ್ಲ.

ಕಳೆದ 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಕಾನ್ಸ್‌ಟೇಬಲ್‌ಗಳಿಗೆ ಹೊಸ ಟೊಪ್ಪಿಗೆ ಬಂತು. ಒಂದು ಬದಿ ಮೇಲಕ್ಕೆ ಮಡಚಿದ ಆ ಹಳೆಯ ಅಗಲ ಟೊಪ್ಪಿಗೆ ಹೋಯಿತು. ಓಡುವಾಗ ತಲೆಯಿಂದ ಉರುಳುತ್ತಿದ್ದ, ಬಿಸಿಲಿನಲ್ಲಿ ಹಣೆಯ ಮೇಲೆ ಕೆಂಪು ಗೆರೆ ಕೊರೆಯುತ್ತಿದ್ದ ಅದನ್ನು ನಾವು ಬೈಯದ ದಿನವಿಲ್ಲ. ಆದರೂ ಚಿತ್ರ ನೋಡಿದಾಗ, ಇನ್ನು ಊರಿಗೆ ಹೋದರೆ ಬಸ್ ನಿಲ್ದಾಣದಲ್ಲಿ ನಿಂತ ಪೊಲೀಸನೂ ನನ್ನಂತೆ ಕಾಣುವುದಿಲ್ಲವಲ್ಲ ಎನ್ನಿಸಿತು.

ಕರ್ನಾಟಕದಲ್ಲಿ ಏಪ್ರಿಲ್ 2 ಪೊಲೀಸ್ ಧ್ವಜ ದಿನ. 1965ರ ಆ ದಿನ ಕರ್ನಾಟಕ ಪೊಲೀಸ್ ಕಾಯಿದೆ ಜಾರಿಗೆ ಬಂದುದರ ನೆನಪಿಗೆ. ಅಂದು ನಿವೃತ್ತರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆದು ಪರೇಡಿನ ವಂದನೆಯನ್ನು ಅವರಿಗೆ ಸಲ್ಲಿಸುವುದು ನಮ್ಮಲ್ಲಿಯ ಒಂದು ಒಳ್ಳೆಯ ಪದ್ಧತಿ. ಜೀವಮಾನವೆಲ್ಲ ಹಣೆಗೇರಿದ ಕೈ ಆ ಒಂದು ಬೆಳಿಗ್ಗೆ ವಂದನೆ ಸ್ವೀಕರಿಸುತ್ತದೆ. ನನ್ನ ಹಳೆಯ ಗೆಳೆಯನೊಬ್ಬನಿಗೆ ಒಮ್ಮೆ ಆ ಗೌರವ ಸಿಕ್ಕಿತು. ಅವನು ವೇದಿಕೆಯಿಂದಿಳಿದು ಬಂದು ನನ್ನ ಕಿವಿಯಲ್ಲಿ, “ಇವರಿಗೆ ನಾ ಏನೇನು ಮಾಡೀನಿ ಅಂತ ಗೊತ್ತಿಲ್ಲೋ” ಎಂದ. ಅವನಿಗೂ ಒಂದು ಲೆಕ್ಕವಿತ್ತೆಂದು ಅಂದು ತಿಳಿಯಿತು. ಕೇಳಬೇಕಿತ್ತು, ಕೇಳಲಿಲ್ಲ. ಅವನು ಈಗಿಲ್ಲ.

ಈ ಸಭೆಯಲ್ಲಿ ಸೈನ್ಯದಿಂದ, ರೈಲ್ವೆ ರಕ್ಷಣಾ ದಳದಿಂದ ನಿವೃತ್ತರಾದ ಹಿರಿಯರು ನಾಲ್ಕೈದು ಮಂದಿ ಇದ್ದೀರಿ. ರಾಜ್ಯೋತ್ಸವ ಬಂದರೆ ಸಂಘದವರು ನಮ್ಮನ್ನು ಬಾಗಿಲು ಕಾಯಲಿಕ್ಕೆ ನಿಲ್ಲಿಸುತ್ತಾರೆ. ಇದು ದೂರಲ್ಲ, ನನಗೂ ಆ ಕೆಲಸ ಇಷ್ಟವೇ. ಆದರೆ ಬಾಗಿಲಲ್ಲಿ ಪಕ್ಕಪಕ್ಕ ನಿಂತು ನಾವು ಇದುವರೆಗೆ ಪಿಂಚಣಿ, ಸಕ್ಕರೆ ಕಾಯಿಲೆ, ಮಂಡಿನೋವು ಬಿಟ್ಟು ಬೇರೇನೂ ಮಾತನಾಡಿಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಕಾಂಕರಿಯಾದ ದಂಡೆಯಲ್ಲಿರುತ್ತೇನೆ. ಬಂದರೆ ಸಂತೋಷ.

ಬರುವ ಏಪ್ರಿಲ್‌ಗೆ ಊರಿಗೆ ಹೊರಡುವವನಿದ್ದೇನೆ. ಜೋಧಪುರದಿಂದ ಹುಬ್ಬಳ್ಳಿಯ ಮೇಲೆ ಬೆಂಗಳೂರಿಗೆ ಹೋಗುವ ಗಾಡಿಗೆ ಮಗ ಟಿಕೆಟು ಮಾಡಿಸಿದ್ದಾನೆ. ಚಹದ ಅಂಗಡಿ ಈಗಲೂ ಇದೆ ಎಂದು ಕೇಳಿ ತಿಳಿದುಕೊಂಡೆ. ಅವನಿಗೆ ಈಗ ನಲವತ್ತೈದು ದಾಟಿರಬೇಕು. ಹೋಗಿ ಬಲಗಿವಿಯ ಕಡೆಗೆ ಕೂಡಬೇಕೆಂದಿದ್ದೇನೆ. ಏನು ಹೇಳಬೇಕೆಂಬುದು ಇನ್ನೂ ಹೊಳೆದಿಲ್ಲ. ಅಂದಿನ ಚಹದ ರೊಕ್ಕವನ್ನು ಮಾತ್ರ ಬೇರೆ ತೆಗೆದಿಟ್ಟಿದ್ದೇನೆ.