ಗೇಟಿನ ಆಚೆಯೂ ಪಾಠವಿದೆ

(ಶಿಕ್ಷಕರ ಹಾಗೂ ಪೋಷಕರ ಸಭೆಯಲ್ಲಿ ಸಂಸ್ಥೆಯ ಪರವಾಗಿ ಮಾಡಿದ ಭಾಷಣ)



ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್.ಪುರ ಕಡೆಯಿಂದ ಭಾನುವಾರದ ಬಿಡುವನ್ನೂ ಬಿಟ್ಟು ಬಂದಿದ್ದೀರಿ. ಮಕ್ಕಳು ತರಗತಿಯ ಹೊರಗೆ ಕಲಿಯುವ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ನಮ್ಮದೇ ಒಂದು ತಪ್ಪಿನಿಂದ ಶುರು ಮಾಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಜೆ ಪಾಠದ ಮಕ್ಕಳಿಗೆ ಪಿಕ್ನಿಕ್ ಇಟ್ಟೆವು. ಬಸ್ಸಿನ ಖರ್ಚಿಗೆ ತಲೆಗಿಷ್ಟು ಎಂದು ಹಣ ಕೇಳಿದೆವು. ಹೊರಡುವ ದಿನ ಆರೇಳು ಮಕ್ಕಳು ಬರಲೇ ಇಲ್ಲ. ಮರುದಿನ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಹೊಟ್ಟೆನೋವಿತ್ತು ಮಿಸ್." ಅಷ್ಟು ಮಕ್ಕಳಿಗೆ ಒಂದೇ ದಿನ ಹೊಟ್ಟೆನೋವು ಬರುತ್ತದೆಯೇ? ಮನೆಯಲ್ಲಿ ದುಡ್ಡಿರಲಿಲ್ಲ, ಹೇಳೋಕೆ ನಾಚಿಕೆ, ಅಷ್ಟೆ. ಹೊರಗೆ ಕಲಿಯೋದು ಅಂದ್ರೆ ದೂರ ಹೋಗೋದು, ದುಡ್ಡು ಕೊಡೋದು ಅಂತ ನಾವೇ ಮಾಡಿಬಿಟ್ಟಿದ್ದೆವು.

ಆಮೇಲೆ ಬಸ್ಸನ್ನು ಬಿಟ್ಟೆವು. ಮಕ್ಕಳನ್ನು ನಡೆಸಿಕೊಂಡೇ ಹಲಸೂರು ಕೆರೆಗೆ ಹೋದೆವು. ಕೆರೆಯ ಪಕ್ಕದ ಬೀದಿಗಳಲ್ಲೇ ಹುಟ್ಟಿ ಬೆಳೆದ ಮಕ್ಕಳು ಅವರು. "ಈ ನೀರು ಎಲ್ಲಿಂದ ಬರುತ್ತೆ?" ಎಂದು ಕೇಳಿದೆವು. ಒಬ್ಬ ಹುಡುಗ ತಟ್ಟನೆ, "ಟ್ಯಾಂಕರಲ್ಲಿ ತಂದು ಹಾಕ್ತಾರೆ" ಅಂದ. ನಾವು ನಕ್ಕೆವು. ಆದರೆ ಅವನ ಮನೆಗೆ ನೀರು ಬರುವುದು ಟ್ಯಾಂಕರಿನಲ್ಲೇ ಅಲ್ಲವೇ? ಕೋಡಿಯ ಕಡೆ ಕರೆದುಕೊಂಡು ಹೋಗಿ ತೋರಿಸಿದೆವು. ಇಲ್ಲಿಂದ ಹೊರಟ ನೀರು ಕಾಲುವೆ ಹಿಡಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತದೆ. 2016ರ ಮಾರ್ಚ್‌ನಲ್ಲಿ ಇದೇ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದವು. ಕೊಳಚೆ ಸೇರಿದರೆ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಉಸಿರು ಸಿಗುವುದಿಲ್ಲ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ಇದನ್ನು ಕೇಳಿದ ಮೇಲೆ ಒಬ್ಬ ಹುಡುಗಿ, "ನಮ್ಮ ಬೀದಿ ಮೋರಿ ಎಲ್ಲಿಗೆ ಹೋಗತ್ತೆ ಮಿಸ್?" ಎಂದು ಕೇಳಿದಳು. ವಿಜ್ಞಾನ ಪುಸ್ತಕ ಎಷ್ಟು ಸಲ ಓದಿಸಿದರೂ ಈ ಪ್ರಶ್ನೆ ಬಂದಿರಲಿಲ್ಲ.

ಇನ್ನೊಂದು ಸಂಗತಿ ಕೆ.ಆರ್.ಪುರದ ಕಡೆಯದ್ದು. ಒಂದು ಶಾಲೆಯ ಆವರಣದ ಮೂಲೆಯಲ್ಲಿ ಸೊಪ್ಪಿನ ಮಡಿ ಮಾಡಲು ಮಕ್ಕಳಿಗೆ ಹಗ್ಗ, ಗೂಟ ಕೊಟ್ಟೆವು. ಎಷ್ಟು ಎಳೆದರೂ ಮಡಿ ಸೊಟ್ಟ. ಆಗ ಗಣಿತದಲ್ಲಿ ಯಾವಾಗಲೂ ಫೇಲಾಗುವ ಒಬ್ಬ ಹುಡುಗ ಮುಂದೆ ಬಂದ. ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಅಳೆದು, ಎರಡು ತುದಿಗಳ ನಡುವೆ ಸರಿಯಾಗಿ ಐದು ಅಡಿ ಬರುವಂತೆ ಗೂಟ ಸರಿಸಿ, "ಈಗ ಮೂಲೆಮಟ್ಟ ಆಯ್ತು" ಅಂದ. ಯಾರು ಹೇಳಿಕೊಟ್ಟರು ಎಂದರೆ, "ನಮ್ಮಪ್ಪ ಗಾರೆ ಕೆಲಸ. ಪಾಯ ಹಾಕುವಾಗ ಹೀಗೇ ಮಾಡೋದು." ಮೇಷ್ಟ್ರು ಅಲ್ಲೇ ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದರು: 9 ಕೂಡಿಸು 16, ಸಮ 25. ಪೈಥಾಗೊರಸನ ಪ್ರಮೇಯ ಅವನ ಕೈಯಲ್ಲಿ ಮೊದಲೇ ಇತ್ತು, ಹಲಗೆಯ ಮೇಲೆ ಮಾತ್ರ ಅವನಿಗೆ ಗುರುತು ಸಿಕ್ಕಿರಲಿಲ್ಲ. ನಾಲ್ಕು ಗೋಡೆಯ ನಡುವೆ ದಡ್ಡ ಅನ್ನಿಸಿಕೊಂಡ ಎಷ್ಟು ಮಕ್ಕಳು ಹೀಗೆ ಹೊರಗೆ ಜಾಣರಿರಬಹುದು, ಯೋಚಿಸಿ.

ಪ್ರಿಯರೇ, ನಮ್ಮ ಪ್ರಭು ಯೇಸು ಬೋಧಿಸಿದ್ದು ಹೆಚ್ಚಾಗಿ ಬಯಲಿನಲ್ಲೇ. ದೋಣಿಯಲ್ಲಿ ಕುಳಿತು ದಡದ ಜನರಿಗೆ ಕಲಿಸಿದರು. ಬಿತ್ತುವವನು, ಸಾಸಿವೆ ಕಾಳು, ಹಕ್ಕಿ, ಹೊಲದ ಹೂವು, ಇವೇ ಅವರ ಪಾಠೋಪಕರಣ. ವಿಶ್ವಗುರು ಫ್ರಾನ್ಸಿಸ್‌ರವರು 2015ರ ತಮ್ಮ 'ಲೌದಾತೊ ಸಿ' ಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದರು. ತನ್ನ ಮನೆಯನ್ನೇ ನೋಡದ ಮಗು ಅದನ್ನು ಕಾಪಾಡುವುದು ಹೇಗೆ?

ಸರ್ಕಾರದ ಕಾಗದದಲ್ಲೂ ಈ ಮಾತಿದೆ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ತೋಟಗಾರ, ಕುಂಬಾರರ ಬಳಿ ಕಲಿಕೆ ಎಂದು 2020ರ ಶಿಕ್ಷಣ ನೀತಿ ಹೇಳಿತು. ಆ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಭಿನ್ನಾಭಿಪ್ರಾಯ ಇರಬಹುದು. ಆದರೆ ಮಕ್ಕಳನ್ನು ಕೆರೆ ದಂಡೆಗೆ ಕರೆದೊಯ್ಯಲು ಯಾವ ನೀತಿಗೂ ಕಾಯಬೇಕಿಲ್ಲ.

ಹೋಗುವ ಜಾಗ ಹತ್ತಿರದಲ್ಲೇ ಇದೆ. ಶಿವಾಜಿನಗರದವರಿಗೆ 1870ರಲ್ಲಿ ಆದ ಕಬ್ಬನ್ ಪಾರ್ಕ್. ಇಂದಿರಾನಗರದವರಿಗೆ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಸ್ಥಾನದ ಹಳೆಯ ತಮಿಳು ಶಾಸನಗಳು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಎನ್ನುವ ನಮ್ಮ ದಂಡು ಪ್ರದೇಶದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಇತಿಹಾಸ ಪಾಠ ಬೇಕೇ?

ಪೋಷಕರಿಗೆ ಭಯ ಇರುವುದು ಸಹಜ. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರಿರಲಿ. ತಂದೆತಾಯಿಯ ಒಪ್ಪಿಗೆ ಚೀಟಿ ಇರಲಿ. ಬಿಸಿಲೇರುವ ಮುಂಚೆ ಹೋಗಿ ಬನ್ನಿ. ನೀರಿನ ಅಂಚಿಗೆ ಯಾರನ್ನೂ ಬಿಡಬೇಡಿ. ರಸ್ತೆ ದಾಟುವಾಗಲೆಲ್ಲ ತಲೆ ಎಣಿಸಿ. ಕೆಲಸಕ್ಕೆ ರಜೆ ಇರುವ ಅಪ್ಪ ಅಮ್ಮಂದಿರು ಜೊತೆಗೆ ಬನ್ನಿ. ಗಾರೆಯವರು, ಮರಗೆಲಸದವರು, ಹೂ ಕಟ್ಟುವವರು, ನೀವೂ ಒಂದು ದಿನದ ಮೇಷ್ಟ್ರಾಗಿ.

ತಿಂಗಳಿಗೆ ಒಂದೇ ಬೆಳಗ್ಗೆ ಸಾಕು. ಒಂದು ಹಗ್ಗ, ಒಂದು ನೋಟ್‌ಬುಕ್ ಸಾಕು. ಆದರೆ ಒಂದು ಮಾತು ಮಾತ್ರ ಮರೆಯಬೇಡಿ: ಯಾವ ಮಗುವಿಗೂ ದುಡ್ಡಿಲ್ಲದ ಕಾರಣಕ್ಕೆ ಹೊಟ್ಟೆನೋವು ಬರಬಾರದು.

ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ.