ಸಿನಿಮಾ ಓದುತ್ತೇನೆ ಎನ್ನುವ ಮಗುವಿಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಇಂಜಿನಿಯರ್‌ನನ್ನು ಕರೆದರೆ ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ತಾವು ಅಂದುಕೊಂಡಿರಬಹುದು. ಇವತ್ತು ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ.

ನಮ್ಮ ಅಕ್ಕನನ್ನು ಗುಬ್ಬಿಗೆ ಕೊಟ್ಟಿದ್ದೇವೆ. ಆರು ವರ್ಷದ ಹಿಂದೆ ಅವಳ ಮಗಳು ದ್ವಿತೀಯ ಪಿಯುಸಿ ಮುಗಿಸಿ, "ನಾನು ಸಿನಿಮಾ ಓದಬೇಕು" ಅಂದಳು. ಮನೆಯಲ್ಲಿ ದೊಡ್ಡ ಗಲಾಟೆ. ಮನೆಯಲ್ಲಿ ಬಿ.ಇ. ಓದಿದವನು ನಾನೊಬ್ಬನೇ ಎಂದು ತೀರ್ಮಾನವನ್ನು ನನಗೆ ಬಿಟ್ಟರು. ನಾನು ಕುಣಿಗಲ್‌ನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲೇ ನಕ್ಕೆ. "ಸಿನಿಮಾ ನೋಡೋಕೆ ಡಿಗ್ರಿ ಯಾಕಮ್ಮ?" ಅಂದೆ. ಅವಳು, "ನೋಡೋಕಲ್ಲ ಮಾಮ, ಅದು ನಮ್ಮನ್ನು ಹೇಗೆ ಅಳಿಸುತ್ತೆ, ಹೇಗೆ ನಂಬಿಸುತ್ತೆ ಅಂತ ತಿಳಿಯೋಕೆ" ಅಂದಳು. ನಾನು ಕೇಳಿಸಿಕೊಳ್ಳಲಿಲ್ಲ. ತುಮಕೂರಿನಲ್ಲಿ ಬಿ.ಕಾಂ.ಗೆ ಸೇರಿಸಿದೆವು. ಅವಳು ಮರುಮಾತಾಡದೆ ಹೋದಳು.

ಆಗ ನನ್ನ ಕೆಲಸ ಏನಿತ್ತು ಗೊತ್ತೇ? ವಿಡಿಯೊವನ್ನು ಕುಗ್ಗಿಸಿ ಜನರ ಮೊಬೈಲಿಗೆ ತಲುಪಿಸುವ ಸಾಫ್ಟ್‌ವೇರ್ ಬರೆಯುವುದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಎರಡು ಗಂಟೆಯ ಸಿನಿಮಾ ಎಂದರೆ 1,72,800 ಚಿತ್ರಗಳು. ಅವುಗಳ ತೂಕ ಇಳಿಸುವುದು ನನಗೆ ಗೊತ್ತಿತ್ತು. ಅವುಗಳಲ್ಲಿ ಒಂದು ಚಿತ್ರ ಯಾಕೆ ಹತ್ತು ವರ್ಷ ಮನಸ್ಸಿನಲ್ಲಿ ಉಳಿಯುತ್ತದೆ ಎಂಬುದು ಗೊತ್ತಿರಲಿಲ್ಲ. ಅದನ್ನು ಓದುತ್ತೇನೆ ಎಂದ ಹುಡುಗಿಯನ್ನು ನಾನೇ ತಡೆದಿದ್ದೆ.

2024ರಲ್ಲಿ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು ಹೊಸದಾಗಿ ಸಂಸ್ಕರಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಈ ಚಿತ್ರ ಬಂದದ್ದು 1977ರಲ್ಲಿ. ನಮ್ಮ ಶಾಲೆಗಿಂತ ಎರಡು ವರ್ಷ ಚಿಕ್ಕದು. ಆ ಸುದ್ದಿ ಓದಿ, ಗುಬ್ಬಿಗೆ ಹೋದಾಗ ಹಳೆಯ ಪ್ರತಿಯನ್ನೇ ಲ್ಯಾಪ್‌ಟಾಪ್‌ನಲ್ಲಿ ಹಾಕಿದೆ. ಅಕ್ಕನ ಮಗಳು ಪಕ್ಕದಲ್ಲಿ ಕೂತಳು. ಯಮುನೆ ಎಂಬ ವಿಧವೆಯ ಕಷ್ಟವನ್ನು ನಾವು ಅಲ್ಲಿ ನಾಣಿ ಎಂಬ ಹುಡುಗನ ಜೊತೆ ನಿಂತು ನೋಡುತ್ತೇವೆ. ಅವಳು ಹೇಳಿದಳು: "ಮಾಮ, ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತೆ. ಅದಕ್ಕೇ ಇಷ್ಟು ಸಂಕಟ." ನಾನು ಸುಮ್ಮನಾದೆ.

ಆಮೇಲೆ ಇನ್ನೊಂದು ಮಾತು ಹೇಳಿದಳು. ಈ ಚಿತ್ರದ ಸಂಗೀತ ಬಿ.ವಿ. ಕಾರಂತರದ್ದು. ಕಾರಂತರು ಹುಡುಗರಾಗಿದ್ದಾಗ ಗುಬ್ಬಿ ಕಂಪನಿ ಸೇರಿದವರು. ಅವರನ್ನು ಎಂ.ಎ. ಓದಲು ಬನಾರಸಿಗೆ ಕಳಿಸಿದವರು ಗುಬ್ಬಿ ವೀರಣ್ಣನವರು. ಯೋಚನೆ ಮಾಡಿ ಹಿರಿಯರೇ! ನಾಟಕ ಕಂಪನಿಯ ಯಜಮಾನರು, ಪ್ರತಿಭೆಯಿರುವ ಹುಡುಗನಿಗೆ "ಇನ್ನೇನು ಓದು, ಪಾರ್ಟು ಮಾಡು" ಎನ್ನಲಿಲ್ಲ. ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅದೇ ಕಾರಂತರು ಮುಂದೆ ನಿರ್ದೇಶಿಸಿದ 'ಚೋಮನ ದುಡಿ'ಗೆ 1975ರ ಸ್ವರ್ಣ ಕಮಲ ಬಂತು. ಗುಬ್ಬಿಯ ಯಜಮಾನರಿಗೆ ಅಂದು ತಿಳಿದಿದ್ದದ್ದು, ಬಿ.ಇ. ಓದಿದ ನನಗೆ ತಿಳಿಯಲಿಲ್ಲ.

ಸಿನಿಮಾ ನಮ್ಮ ಜಿಲ್ಲೆಗೆ ಹೊರಗಿನದಲ್ಲ. 1954ರ 'ಬೇಡರ ಕಣ್ಣಪ್ಪ' ಗುಬ್ಬಿ ಕಂಪನಿಯ ಬಳಗದಿಂದ ಬಂದ ಚಿತ್ರ. ರಾಜಕುಮಾರ್ ಮೊದಲ ಸಲ ನಾಯಕರಾದದ್ದು ಅದರಲ್ಲೇ. ನಮ್ಮ ತಿಪಟೂರಿನ ನರಸಿಂಹರಾಜು ಕೂಡ ಅದರಲ್ಲಿದ್ದರು. ನಾಟಕದಲ್ಲಿ ಕೊನೆಯ ಸಾಲಿನವನಿಗೂ ಕೇಳುವಂತೆ ಕೂಗಬೇಕು. ಸಿನಿಮಾದಲ್ಲಿ ಕ್ಯಾಮೆರಾ ಮುಖದ ಹತ್ತಿರ ಬಂದು ನಿಲ್ಲುತ್ತದೆ, ರೆಪ್ಪೆ ಅಲುಗಿದರೂ ಸಾಕು. ಈ ಬದಲಾವಣೆ ಹೇಗಾಯಿತು ಎಂದು ಕೇಳಿದರೆ ಅದೇ ಒಂದು ಅಧ್ಯಯನ.

ತಂದೆತಾಯಿಗಳ ಭಯ ನನಗೆ ಅರ್ಥವಾಗುತ್ತದೆ. ಸಿನಿಮಾ ಓದಿದವರಿಗೆಲ್ಲ ಕೆಲಸ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ದಾರಿಗಳಿವೆ. ಕಾಸರವಳ್ಳಿಯವರು ಮೊದಲು ಬಿ.ಫಾರ್ಮ. ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. ಅದು 1960ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಪ್ರವೇಶ ಪರೀಕ್ಷೆ ಬರೆಯಬೇಕು, ಸೀಟುಗಳು ಕಡಿಮೆ. ನಿರ್ದೇಶನ, ಸಂಕಲನಕ್ಕೆ ಯಾವುದೇ ಪದವಿಯಾದರೂ ಆಗುತ್ತದೆ. ನಮ್ಮ ರಾಜ್ಯದ್ದೇ ಸರ್ಕಾರಿ ಸಂಸ್ಥೆ ಹೆಸರಘಟ್ಟದಲ್ಲಿದೆ. ಅಲ್ಲಿ ಛಾಯಾಗ್ರಹಣ, ಧ್ವನಿಗ್ರಹಣದ ಡಿಪ್ಲೊಮಾ ಇದೆ. ಮೈಸೂರಿನ ವಿ.ಕೆ. ಮೂರ್ತಿಯವರು ಬೆಂಗಳೂರಿನ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು.

ಎಲ್ಲರೂ ಸಿನಿಮಾ ಓದಬೇಕಿಲ್ಲ. ಆದರೆ ಪರದೆ ಓದುವುದು ಎಲ್ಲರಿಗೂ ಬೇಕು. ಇಲ್ಲಿ ಕನ್ನಡ ಮೇಷ್ಟ್ರು ಒಂದು ಪದ್ಯ ಓದಿ, "ಈ ಪದವೇ ಯಾಕೆ, ಬೇರೆ ಯಾಕಿಲ್ಲ?" ಎಂದು ಕೇಳುತ್ತಿದ್ದರು. ಇವತ್ತು ಮಕ್ಕಳ ಕೈಯಲ್ಲಿ ಪುಸ್ತಕಕ್ಕಿಂತ ಹೆಚ್ಚು ಹೊತ್ತು ಮೊಬೈಲ್ ಇರುತ್ತದೆ. ಯಾವುದೋ ಊರಿನ ಹಳೆಯ ವಿಡಿಯೊವನ್ನು ನಮ್ಮೂರಿನದು ಎಂದು ಕಳಿಸಿದರೂ ನಂಬುತ್ತೇವೆ. "ಈ ಚಿತ್ರವನ್ನು ಎಲ್ಲಿಂದ ಕತ್ತರಿಸಿದರು? ಹಿಂದೆ ಮುಂದೆ ಏನಿತ್ತು?" ಎಂದು ಕೇಳಲು ಯಾರೂ ಕಲಿಸಿಲ್ಲ.

ಇದು ಹಳ್ಳಿಯಲ್ಲಿ ಆಗುವ ಕೆಲಸವೇ ಎಂದರೆ, ಆಗಿದೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ರೈತರಿಗೆ, ಮೇಷ್ಟ್ರುಗಳಿಗೆ ಜಗತ್ತಿನ ಸಿನಿಮಾ ತೋರಿಸಿ ಚರ್ಚೆ ಮಾಡಿಸಿದರು. ನಾವು ಅಷ್ಟು ದೊಡ್ಡದು ಮಾಡುವುದು ಬೇಡ. ನಮ್ಮ ಶಾಲೆಯಲ್ಲಿ ತಿಂಗಳಿಗೊಂದು ಒಳ್ಳೆಯ ಚಿತ್ರ, ಆಮೇಲೆ ಅರ್ಧ ಗಂಟೆ ಮಾತು. ಪ್ರೊಜೆಕ್ಟರ್ ನಾನು ತರುತ್ತೇನೆ. ಮುಖ್ಯೋಪಾಧ್ಯಾಯರು ಒಂದು ಶನಿವಾರ ಕೊಟ್ಟರೆ ಸಾಕು.

ಕೊನೆಯ ಮಾತು. ಅಕ್ಕನ ಮಗಳು ಬಿ.ಕಾಂ. ಮುಗಿಸಿ ತುಮಕೂರಿನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾಳೆ. ಹೋದ ಸಲ ಪುಣೆಯ ಪರೀಕ್ಷೆ ಬರೆದಳು, ಸಿಗಲಿಲ್ಲ. ಈ ಸಲ ಮತ್ತೆ ಬರೆಯುತ್ತಿದ್ದಾಳೆ. ಫೀಸು ನಾನು ಕಟ್ಟಿದ್ದೇನೆ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಅವಳು ಕಳೆದುಕೊಂಡ ವರ್ಷಗಳನ್ನು ಫೀಸು ಕಟ್ಟಿ ತೀರಿಸಲಾಗುವುದಿಲ್ಲ ಎಂಬುದು ಮಾತ್ರ ಗೊತ್ತು. ಇವತ್ತು ಅವಳು ಇಲ್ಲೇ, ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ.

ನಾಳೆ ನಿಮ್ಮ ಮನೆಯ ಮಗು ನಿಮಗೆ ಗೊತ್ತಿಲ್ಲದ ವಿಷಯ ಓದುತ್ತೇನೆ ಎಂದರೆ ನಗಬೇಡಿ. "ಅದರಲ್ಲಿ ಏನಿದೆ, ಹೇಳು" ಎಂದು ಕೇಳಿ. ನಾನು ಕೇಳಬೇಕಾಗಿದ್ದದ್ದು ಅಷ್ಟೇ.